ನೀರಿಲ್ಲದ ಕೊಳದ ಮುಖ್ಯ ಜೀವರಕ್ಷಕ

ಇಸ್ತ್ರಿಯಾದ ಅಂಗಿಯನ್ನೇ ಮತ್ತೆ ಇಸ್ತ್ರಿಗೆ ತಂದುಕೊಡುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೇ ಗೂಢಚಾರನಾಗಿರಬೇಕು ಎಂಬುದು ಇಸ್ತ್ರಿಯಣ್ಣನ ಸಿದ್ಧಾಂತ. ಆ ದಿನ ಲಾಂಡ್ರಿಯ ಕಟ್ಟೆಯ ಮೇಲೆ ಬಿಳಿ ಅಂಗಿಯೊಂದನ್ನಿಟ್ಟು ನಿಂತವನಲ್ಲಿ ಹುಚ್ಚಿನ ಲಕ್ಷಣ ಯಾವುದೂ ಕಾಣಲಿಲ್ಲ. ತಲೆ ಬಾಚಿತ್ತು. ಗಡ್ಡ ಹೆರೆದಿತ್ತು. ಬೂಟಿನ ದಾರ ಎರಡೂ ಕಾಲಿಗೆ ಸಮನಾಗಿ ಕಟ್ಟಿತ್ತು. ಹಾಗಾಗಿ ಉಳಿದದ್ದು ಒಂದೇ.

ಇಸ್ತ್ರಿಯಣ್ಣ ಕಾಲರಿನ ಮೇಲೆ ಹೆಬ್ಬೆರಳು ಆಡಿಸಿದ. ತೋಳಿನ ಗೆರೆ ಬೆರಳು ಕುಯ್ಯುವಂತಿತ್ತು. ಅಂಗಿ ಇನ್ನೂ ಬೆಚ್ಚಗಿತ್ತು.

"ಏನ್ ಮಾಡ್ಬೇಕು ಇದಕ್ಕೆ?"

"ಇಸ್ತ್ರಿ."

"ಆಗಿದೆಯಲ್ಲ."

"ಇನ್ನೊಂದ್ಸಲ ಮಾಡಿ. ಇಲ್ಲಿ ಇಸ್ತ್ರಿ ಮಾಡೋರು ಯಾರು?"

ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಇಸ್ತ್ರಿಯಣ್ಣನಿಗೆ ಎಲ್ಲವೂ ಹೊಳೆಯಿತು. ಎದುರು ಸಾಲಿನಲ್ಲಿ ಹೊಸ ಲಾಂಡ್ರಿಯೊಂದು ತೆರೆದಿತ್ತು. ಅವರಿಗೆ ಕೈಪಳಗಿದ ಇಸ್ತ್ರಿಯವನು ಸಿಕ್ಕಿಲ್ಲವೆಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ತನ್ನನ್ನು ಹಾರಿಸಿಕೊಂಡು ಹೋಗಲು ಬಂದ ಜನ ಇವನು. ಹಾರುವ ಯೋಚನೆ ಇಸ್ತ್ರಿಯಣ್ಣನಿಗೆ ಇರಲಿಲ್ಲ. ಆದರೆ ಹಾರಿಸಲು ಬಂದವನ ಮುಂದೆ ರೆಕ್ಕೆ ಬಿಚ್ಚಿ ತೋರಿಸದೆ ಇರುವುದು ಯಾವ ಮನುಷ್ಯನಿಗೆ ಸಾಧ್ಯ? ಆ ದೇಶದ ಭಾಷೆ ಅವನಿಗೆ ಚೂರುಪಾರು ಬರುತ್ತಿತ್ತು. ಬಡಾಯಿಗೆ ಅಷ್ಟು ಸಾಕಿತ್ತು.

"ನಾನೇ," ಎಂದ, ಅಂಗಿಗೆ ರಸೀದಿ ಹರಿದುಕೊಡುತ್ತಾ. "ಈ ಅಂಗಡಿಗೆ ಬರೋ ಒಂದೊಂದು ಅಂಗಿಯೂ ಈ ಕೈ ದಾಟಿಯೇ ಹೋಗೋದು. ನಾನು ಬಂದಾಗಿಂದ ಈ ಪೆಟ್ಟಿಗೇನ ಇನ್ನೊಬ್ರು ಮುಟ್ಟಿಲ್ಲ."

"ಬೇರೆ ಕೆಲಸ ಏನೂ ಮಾಡಲ್ವಾ?"

"ಇದು ಬಿಟ್ರೆ ನಂಗೆ ಬೇರೆ ಕೆಲಸವೇ ಬರಲ್ಲ ಸ್ವಾಮಿ."

"ಖಂಡಿತಾ?"

"ಬೇಕಾದ್ರೆ ಬರೆದುಕೊಡ್ತೀನಿ."

"ಬೇಡ, ನಾನೇ ಬರ್ಕೊಂಡೆ," ಎಂದು ಆ ಮನುಷ್ಯ ಜೇಬಿನಿಂದ ಒಂದು ಬಿಲ್ಲೆ ತೆಗೆದು ಅಂಗಿಯ ಪಕ್ಕದಲ್ಲಿಟ್ಟ. ಅವನು ವಿದೇಶಿ ಕೆಲಸಗಾರರ ಕಚೇರಿಯ ತಪಾಸಣಾಧಿಕಾರಿಯಾಗಿದ್ದ. "ಈಗ ಹೇಳಿ. ನಿಮ್ಮ ವೀಸಾದಲ್ಲಿ ಏನ್ ಕೆಲಸ ಅಂತಿದೆ?"

ಇಸ್ತ್ರಿಯಣ್ಣನ ಕೈಯಲ್ಲಿದ್ದ ಪೆಟ್ಟಿಗೆ ಬುಸ್ ಎಂದು ಆವಿ ಬಿಟ್ಟಿತು. ಅವನ ಪರವಾಗಿ ಉತ್ತರಿಸಲು ಆ ಹೊತ್ತಿನಲ್ಲಿ ಅದೊಂದೇ ಇದ್ದದ್ದು.

ಆ ದೇಶದ ಕಾನೂನು ಸರಳವಾಗಿತ್ತು. ಹೊರಗಿನಿಂದ ಬಂದವನು ತನ್ನ ವೀಸಾದಲ್ಲಿ ಬರೆದ ಕೆಲಸವನ್ನೇ, ಅದರಲ್ಲಿ ಬರೆದ ಯಜಮಾನನ ಬಳಿಯೇ ಮಾಡಬೇಕು. ಬಡಗಿಯಾಗಿ ಬಂದವನು ಬಣ್ಣ ಬಳಿದರೆ ಅಪರಾಧ. ಬಣ್ಣದವನು ಮೊಳೆ ಹೊಡೆದರೂ ಅಪರಾಧ. ಸಿಕ್ಕಿಬಿದ್ದವನನ್ನು ಮುಂದಿನ ವಿಮಾನಕ್ಕೆ ಹತ್ತಿಸುತ್ತಿದ್ದರು, ಇಟ್ಟುಕೊಂಡವನ ಅಂಗಡಿಗೆ ಬೀಗ ಜಡಿಯುತ್ತಿದ್ದರು.

ಇಸ್ತ್ರಿಯಣ್ಣನಿಗೆ ವೀಸಾ ಮಾಡಿಸಿಕೊಟ್ಟವನು ಅವನ ಹೆಂಡತಿಯ ತಮ್ಮ. ವೀಸಾ ಕೊಡಿಸುವುದೇ ಆ ಬಾಮೈದನ ಉದ್ಯೋಗ. "ಭಾವ, ಡ್ರೈವರು, ದರ್ಜಿ, ಬಡಗಿ ಎಲ್ಲ ಖರ್ಚಾಗೋಯ್ತು. ಒಂದೇ ಒಂದು ಉಳಿದಿದೆ. ಈಜುಕೊಳದ ಜೀವರಕ್ಷಕ. ಹೋಗ್ಬಿಡಿ," ಎಂದಿದ್ದ.

"ನಂಗೆ ಈಜು ಬರಲ್ವಲ್ಲೋ."

"ಅಲ್ಲಿ ಯಾರು ಮುಳುಗ್ತಾರೆ ಭಾವ? ಎಲ್ಲ ಅನುಕೂಲಸ್ಥರು."

ಹೀಗೆ, ತಲೆಗೆ ತಂಬಿಗೆ ನೀರು ಹೊಯ್ದುಕೊಳ್ಳುವಾಗಲೂ ಮೂಗು ಹಿಡಿದುಕೊಳ್ಳುವ ಮನುಷ್ಯ ಜೀವರಕ್ಷಕನಾಗಿ ಸಮುದ್ರ ದಾಟಿ ಬಂದು ಲಾಂಡ್ರಿ ಸೇರಿದ. ವರ್ಷಗಳು ಕಳೆದವು. ಯಾರೂ ಏನೂ ಕೇಳಲಿಲ್ಲ. ಅವನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಮುಂದೆಯೂ ಯಾರೂ ಕೇಳುತ್ತಿರಲಿಲ್ಲ. ಆದರೆ ಹೆಂಡತಿಯನ್ನು ಕರೆಸಿಕೊಳ್ಳಬೇಕು ಎಂಬ ಆಸೆ ಹುಟ್ಟಿತು. ಫೋನಿನಲ್ಲಿ ದಿನವೂ "ಊಟ ಆಯ್ತಾ" ಎಂದು ಕೇಳಿ ಕೇಳಿ, ಆ ಮಾತನ್ನು ಒಮ್ಮೆಯಾದರೂ ಎದುರಿಗೆ ಕೂತು ಕೇಳಬೇಕೆನಿಸಿತ್ತು. ಕಚೇರಿಯ ಕಿಂಡಿಯಲ್ಲಿದ್ದ ಗುಮಾಸ್ತೆ ಅರ್ಜಿಯನ್ನು ನೋಡಿ, "ಬರೀ ಜೀವರಕ್ಷಕರಿಗೆ ಹೆಂಡತಿ ಕರೆಸೋ ಅವಕಾಶ ಇಲ್ಲ. ಮೇಲಿನ ದರ್ಜೆಯವರಿಗೆ ಮಾತ್ರ," ಎಂದಿದ್ದಳು. ಇಸ್ತ್ರಿಯಣ್ಣ ಪಕ್ಕಕ್ಕೆ ಸರಿದು ನಿಂತು, ಜೀವರಕ್ಷಕ ಎಂಬುದರ ಮೊದಲು 'ಮುಖ್ಯ' ಎಂದು ಸೇರಿಸಿ, ಅದೇ ಕಿಂಡಿಗೆ ಮತ್ತೆ ಕೊಟ್ಟಿದ್ದ.

ಅಧಿಕಾರಿಯ ಸಂಶಯ ಹುಟ್ಟಿದ್ದು ಅಲ್ಲಿಂದಲೇ.

"ಲಾಂಡ್ರೀಲಿ ಒಬ್ಬ ಜೀವರಕ್ಷಕ ಇದಾನೆ ಅಂದ್ರೆ ಏನೋ ಕಣ್ತಪ್ಪು ಅನ್ಕೋತಿದ್ದೆ," ಎಂದ ಅಧಿಕಾರಿ, ಸದ್ದು ಕೇಳಿ ಒಳಗಿನಿಂದ ಓಡಿಬಂದ ಯಜಮಾನನಿಗೆ. "ಮುಖ್ಯ ಅಂದ್ರೆ ಕೈಕೆಳಗೆ ಇನ್ನೂ ಕೆಲವರು ಇರ್ಬೇಕು. ಎಲ್ಲಿ ಅವರೆಲ್ಲ?"

ಯಜಮಾನ ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದ. ಅವನು ಜಿಪುಣ, ಆದರೆ ಸುಳ್ಳಿನ ವಿಷಯದಲ್ಲಿ ಧಾರಾಳಿ.

"ಒಬ್ರೇ ಇರೋದು ಸಾರ್. ಒಬ್ರೇ ಆದ್ಮೇಲೆ ಮುಖ್ಯ ಅವರೇ ಅಲ್ವಾ."

"ಹಾಗಾದ್ರೆ ಕೈಕೆಳಗೆ ಯಾರು?"

"ನೀರು ಸಾರ್."

ಅಧಿಕಾರಿ ಬರೆದುಕೊಂಡ. "ಈಗಷ್ಟೇ ಇಸ್ತ್ರಿ ಬಿಟ್ಟು ಬೇರೆ ಕೆಲಸ ಬರಲ್ಲ ಅಂದ್ರು."

"ವಿನಯ ಸಾರ್. ದೊಡ್ಡ ಈಜುಗಾರರೆಲ್ಲ ಹಾಗೇ. ಇಸ್ತ್ರಿ ಅವರ ಹವ್ಯಾಸ. ಕೆಲವ್ರು ಹಾಡು ಕೇಳ್ತಾರೆ, ಕೆಲವ್ರು ಇಸ್ಪೀಟ್ ಆಡ್ತಾರೆ. ಇವ್ರು ಬಿಡುವಾದಾಗ ಒಂದು ಪ್ಯಾಂಟು ತಗೋತಾರೆ."

"ಕೊಳ ಎಲ್ಲಿದೆ?"

"ಮೇಲೆ ಸಾರ್, ತಾರಸೀಲಿ," ಎಂದ ಯಜಮಾನ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವನ ಮುಖದ ಬಣ್ಣವೂ ನೊರೆಯ ಬಣ್ಣವೂ ಒಂದೇ ಆಯಿತು.

ಕೊಳ ಇದ್ದದ್ದು ನಿಜ. ಕಟ್ಟಡ ಕಟ್ಟಿದವನು ಯಾವುದೋ ಹುಮ್ಮಸ್ಸಿನಲ್ಲಿ ತಾರಸಿಯ ಮೇಲೆ ಈಜುಕೊಳವೊಂದನ್ನು ಕಟ್ಟಿದ್ದ. ಅದು ಮೊದಲ ವಾರದಲ್ಲೇ ಕೆಳಗಿನ ಮನೆಗೆ ಸೋರಿದ್ದರಿಂದ ನೀರು ಹೊರಬಿಟ್ಟು ಖಾಲಿ ಮಾಡಿದ್ದರು. ಈಗ ಲಾಂಡ್ರಿಯವರು ಅದರೊಳಗೆ ಹಗ್ಗ ಕಟ್ಟಿ ಹಾಸಿಗೆಯ ಹೊದಿಕೆಗಳನ್ನು ಒಣಹಾಕುತ್ತಿದ್ದರು. ಗಾಳಿಗೆ ಹಾರುವುದಿಲ್ಲ, ಧೂಳು ಕೂರುವುದಿಲ್ಲ, ಒಣಹಾಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಧಿಕಾರಿ ಕೊಳದ ಅಂಚಿನಲ್ಲಿ ನಿಂತು ಒಳಗೆ ನೋಡಿದ.

"ನೀರೇ ಇಲ್ಲ."

"ಅದೇ ಸಾರ್ ಇವರ ಮುನ್ನೆಚ್ಚರಿಕೆ," ಎಂದ ಯಜಮಾನ. "ಇವರು ಬಂದಾಗಿಂದ ಇಲ್ಲಿ ಒಬ್ಬರೂ ಮುಳುಗಿಲ್ಲ. ಬೇಕಾದ್ರೆ ವಿಚಾರಿಸಿ."

ಅಧಿಕಾರಿಯ ಕಣ್ಣು ಹೊದಿಕೆಗಳ ಕೆಳಗಂಚಿಗೆ ಹೋಯಿತು. ಬಿಳಿ ಹೊದಿಕೆಯೊಂದರ ಕೆಳಗೆ ಎರಡು ಕಾಲುಗಳಿದ್ದವು. ಹೂವಿನ ಹೊದಿಕೆಯ ಕೆಳಗೆ ಇನ್ನೆರಡು.

"ನಿಮ್ಮ ಬಟ್ಟೆಗಳಿಗೆ ಕಾಲು ಬಂದಿವೆ."

ಬಿಳಿ ಹೊದಿಕೆಯ ಹಿಂದಿನಿಂದ ಮೇಷ್ಟ್ರು ಹೊರಬಂದರು. ಊರಲ್ಲಿ ಶಾಲೆಯಲ್ಲಿ ಪಾಠ ಹೇಳಿದವರು, ಇಲ್ಲಿ ಲಾಂಡ್ರಿಯ ಲೆಕ್ಕ ಬರೆಯುವವರು, ವೀಸಾದ ಪ್ರಕಾರ ತೋಟಗಾರ. ಹೂವಿನ ಹೊದಿಕೆಯ ಹಿಂದಿನಿಂದ ಬಂದವನು ಬಟ್ಟೆ ಒಗೆಯುವ ಯಂತ್ರ ನಡೆಸುವ ಗೊರಕೆ. ಆ ಹೆಸರು ಅವನಿಗೆ ಯಾಕೆ ಬಂತೆಂದು ಪಕ್ಕದ ಮೂರು ಕೋಣೆಯವರಿಗೂ ಗೊತ್ತಿತ್ತು. ಅವನ ವೀಸಾ ಬಡಗಿಯದು. ಇಬ್ಬರೂ ಇಸ್ತ್ರಿಯಣ್ಣನ ಕೋಣೆಯವರೇ.

"ನಾನು ತೋಟಗಾರ," ಎಂದರು ಮೇಷ್ಟ್ರು, ಯಾರೂ ಕೇಳುವ ಮೊದಲೇ. ಕೊಳದ ತಳದ ಬಿರುಕಿನಲ್ಲಿ ಹುಲ್ಲಿನ ಎಸಳೊಂದು ಎದ್ದಿತ್ತು. ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಎರಡು ಬೆರಳಲ್ಲಿ ನೇವರಿಸಿದರು. "ಇದು ತೋಟ."

ಗೊರಕೆ ಹಗ್ಗ ಕಟ್ಟಿದ್ದ ಗೂಟವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, "ಮರ ಚೆನ್ನಾಗಿದೆ," ಎಂದ. ಅದು ಕಬ್ಬಿಣದ ಗೂಟ.

ಅಧಿಕಾರಿ ತುಂಬ ಹೊತ್ತು ಯಾರನ್ನೂ ಬಿಡದೆ ಒಬ್ಬೊಬ್ಬರನ್ನೇ ನೋಡಿದ. ಕೊನೆಗೆ, "ಬುಧವಾರ ಬರ್ತೀನಿ," ಎಂದ. "ಕೊಳದಲ್ಲಿ ನೀರಿರ್ಬೇಕು. ನೀರಲ್ಲಿ ಇವರಿರ್ಬೇಕು. ಈಜು ತೋರಿಸಿದ್ರೆ ಸರಿ. ಇಲ್ಲಾಂದ್ರೆ ಇವರು ವಿಮಾನಕ್ಕೆ, ನಿಮ್ಮ ಅಂಗಡಿ ಬೀಗಕ್ಕೆ, ಹೆಂಡತಿಯ ವೀಸಾ ಕಸದಬುಟ್ಟಿಗೆ." ತೋಟದ ಕಡೆಗೊಮ್ಮೆ ನೋಡಿ, "ಆಮೇಲೆ ಮಿಕ್ಕವರ ವಿಚಾರ," ಎಂದು ಸೇರಿಸಿದ.

ಆ ಸಂಜೆ ಕೋಣೆ ನ್ಯಾಯಾಲಯವಾಯಿತು. ಮೇಷ್ಟ್ರು ಮಂಚದ ಮೇಲೆ ಕೂತರು, ಇಸ್ತ್ರಿಯಣ್ಣ ನೆಲದ ಮೇಲೆ.

"ಯಾರೋ ಹೇಳದೆ ಆ ಮನುಷ್ಯ ಬರಲ್ಲ," ಎಂದರು ಮೇಷ್ಟ್ರು. "ಯಾರು ಹೇಳಿದ್ದು ಅಂತ ಗೊತ್ತಾಗ್ಬೇಕು."

"ಎದುರುಗಡೆ ಲಾಂಡ್ರಿಯವರು," ಎಂದ ಇಸ್ತ್ರಿಯಣ್ಣ.

"ಅವರಿಗೆ ನಿನ್ನ ವೀಸಾ ಹೇಗೆ ಗೊತ್ತು?"

"ಹಾಗಾದ್ರೆ ಮಹಡಿಯಮ್ಮ." ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದ ಆ ಹೆಂಗಸು ಯಾರನ್ನು ಕಂಡರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ನನ್ನ ಕಾಲನ್ನೇ ನೋಡ್ತಾರೆ."

"ನೀನು ಒದ್ದೆ ಚಪ್ಪಲಿ ಹಾಕ್ಕೊಂಡು ಹತ್ತಿದ್ರೆ ಇನ್ನೇನ್ ನೋಡ್ತಾರೆ?" ಎಂದ ಗೊರಕೆ. ಆಮೇಲೆ ದನಿ ತಗ್ಗಿಸಿ, "ಮೇಷ್ಟ್ರೇ, ನೀವು ಹೋದ ವಾರ ಪೇಟೆಗೆ ಯಾಕೆ ಹೋಗಿದ್ರಿ?" ಎಂದ.

"ಕನ್ನಡಕಕ್ಕೆ. ನೀನು ಯಾಕೆ ಫೋನ್ ಬಂದಾಗೆಲ್ಲ ಬಚ್ಚಲಿಗೆ ಹೋಗ್ತೀಯ?"

"ಅದು ನನ್ನ ಖಾಸಗಿ."

"ಬಚ್ಚಲು ಎಲ್ಲರದೂ."

ಮೂವರೂ ಒಬ್ಬರನ್ನೊಬ್ಬರು ಹೀಗೆ ಸಾಣೆ ಹಿಡಿಯುತ್ತಿದ್ದಾಗ ಇಸ್ತ್ರಿಯಣ್ಣ, ಮಾತಿಗೆ ಮಾತು ಬಂದು, ಹೆಂಡತಿಯ ಅರ್ಜಿಯಲ್ಲಿ ಒಂದು ಪದ ಸೇರಿಸಿದ್ದನ್ನು ಹೇಳಿದ.

"ಅಂದ್ರೆ ಚಾಡಿ ಹೇಳಿದ್ದು ನೀನೇ," ಎಂದರು ಮೇಷ್ಟ್ರು. "ನಿನ್ನ ಮೇಲೆ ನೀನೇ."

"ಒಂದು ಪದ ತಾನೇ ಮೇಷ್ಟ್ರೇ."

"ಜೀವರಕ್ಷಕನೇ ಸುಳ್ಳು. ಸುಳ್ಳಿಗೆ ಯಾರಾದ್ರೂ ಬಡ್ತಿ ಕೊಡ್ತಾರಾ?"

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಪ್ರಯಾಣಕ್ಕೆ ಪೆಟ್ಟಿಗೆ ಕೊಂಡಾಗಿದೆ, ಬೀದಿಯವರಿಗೆಲ್ಲ ಹೇಳಿಯಾಗಿದೆ, ಪಕ್ಕದ ಮನೆಯಾಕೆ ಬೆಕ್ಕು ನೋಡಿಕೊಳ್ಳಲು ಒಪ್ಪಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದಳು.

"ವೀಸಾ ಯಾವಾಗ ಬರುತ್ತೆ ಅಂತ ಎಲ್ಲ ಕೇಳ್ತಿದಾರೆ ರೀ. ಏನ್ ಹೇಳ್ಲಿ?"

ಇಸ್ತ್ರಿಯಣ್ಣ ಗೋಡೆ ನೋಡಿದ. "ನೀರಿನ ಮೇಲೆ ನಿಂತಿದೆ ಅಂತ ಹೇಳು," ಎಂದ.

"ಹಡಗಲ್ಲಿ ಕಳಿಸ್ತಾರಾ?" ಎಂದಳು ಅವಳು.

ಮರುದಿನ ಕೊಳ ತುಂಬಿಸುವ ಕೆಲಸ ಶುರುವಾಯಿತು. ಒಳ್ಳೆಯ ನೀರು ಬಿಡಲು ಯಜಮಾನನ ಜೀವ ಒಪ್ಪಲಿಲ್ಲ. ಬಟ್ಟೆ ಜಾಲಿಸಿದ ನೀರು ಹೇಗೂ ಚರಂಡಿಗೆ ಹೋಗುತ್ತದೆ, ಅದನ್ನೇ ಪಂಪು ಹಚ್ಚಿ ಮೇಲೇರಿಸಿದರಾಯಿತು ಎಂದ. ಹೀಗೆ ಇಡೀ ಬೀದಿಯ ಅಂಗಿ, ಲುಂಗಿ, ದಿಂಬಿನ ಚೀಲಗಳ ಸೋಪು, ಗಂಜಿ, ನೀಲಿ ಎಲ್ಲ ಕೊಳ ಸೇರಿ, ನೀರು ಒಂದು ನಮೂನೆಯ ನೀಲಿಮಿಶ್ರಿತ ಹಾಲಿನಂತೆ ನಿಂತಿತು. ಕೈ ಮುಳುಗಿಸಿದರೆ ಮಣಿಕಟ್ಟಿನಿಂದಾಚೆಗೆ ತನ್ನದೇ ಕೈ ಕಾಣುತ್ತಿರಲಿಲ್ಲ. ಎಷ್ಟು ಪಂಪು ಹೊಡೆದರೂ ನೀರು ಸೊಂಟದ ಮೇಲೇರಲಿಲ್ಲ. ಮೇಲಿಂದ ಎಷ್ಟು ಸುರಿದರೋ ಅಷ್ಟೇ ಕೆಳಗಿಂದ ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಎಂದು ಯೋಚಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮೇಷ್ಟ್ರ ತೋಟ ಮೊದಲ ದಿನವೇ ಮುಳುಗಿತು.

ಈಜು ಕಲಿಸುವ ಭಾರವನ್ನು ಮೇಷ್ಟ್ರು ಹೊತ್ತರು. ಅವರಿಗೂ ಈಜು ಬರುತ್ತಿರಲಿಲ್ಲ. ಆದರೆ ಬಾರದ್ದನ್ನು ಕಲಿಸುವ ಅಭ್ಯಾಸ ಅವರಿಗೆ ಶಾಲೆಯಿಂದಲೇ ಇತ್ತು. ಮೊದಲು ನೆಲದ ಮೇಲೆ ಕಲಿಯಬೇಕು, ಆಮೇಲೆ ನೀರು ಎಂದು ಹೇಳಿ, ಇಸ್ತ್ರಿಯಣ್ಣನನ್ನು ಇಸ್ತ್ರಿಯ ಮೇಜಿನ ಮೇಲೆ ಬೋರಲು ಮಲಗಿಸಿದರು.

"ಕೈ ಮುಂದಕ್ಕೆ. ನೀರನ್ನ ಹಿಂದಕ್ಕೆ ತಳ್ಳು. ಮುಂದಕ್ಕೆ. ತಳ್ಳು."

ಇಸ್ತ್ರಿಯಣ್ಣನ ಬಲಗೈ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಎಡಗೈ ಏನನ್ನೋ ಮೆಲ್ಲಗೆ ಸವರಿ ಸರಿಮಾಡುತ್ತಿತ್ತು.

"ಎಡಗೈ ಯಾಕೋ ಹಾಗೆ ಆಡ್ತಿದೆ?"

"ಸುಕ್ಕು ಬಿಡಿಸ್ತಿದೀನಿ ಮೇಷ್ಟ್ರೇ. ಅದು ತಾನೇ ತಾನಾಗಿ ಹೋಗುತ್ತೆ."

"ನೀರಿಗೆ ಎಂಥ ಸುಕ್ಕು?"

ಅದೇ ಹೊತ್ತಿಗೆ ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತ. ಮೇಜಿನ ಮೇಲೆ ಮಲಗಿ ಕೈಯಾಡಿಸುತ್ತಿದ್ದವನನ್ನು ನೋಡಿದ. ಗೊರಕೆಯನ್ನು ನೋಡಿದ.

"ಇವರು ಯಾವಾಗ ಸಿದ್ಧ ಆಗ್ತಾರೆ?"

"ಬುಧವಾರಕ್ಕೆ," ಎಂದ ಗೊರಕೆ.

ಗಿರಾಕಿ ತಲೆಯಾಡಿಸಿ, ಪ್ಯಾಂಟು ಕೇಳದೆ ಹೊರಟುಹೋದ. ಅವನ ಮೇಲೂ ಇಸ್ತ್ರಿಯಣ್ಣನಿಗೆ ಸಂಶಯ ಬಂತು. ಆ ದಿನಗಳಲ್ಲಿ ಯಾರ ಮೇಲೆ ಬರಲಿಲ್ಲ? ಬೀದಿ ಗುಡಿಸುವವನು ಒಂದೇ ಜಾಗವನ್ನು ಎರಡು ಸಲ ಗುಡಿಸಿದರೆ, ಇವನಿಗೇಕೆ ಇಷ್ಟು ಶ್ರದ್ಧೆ ಎಂದು ನೋಡುತ್ತಿದ್ದ. ಕೊಡೆ ಹಿಡಿದವರು, ಕಪ್ಪು ಕನ್ನಡಕದವರು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡುವವರು ಎಲ್ಲರೂ ಕಚೇರಿಯವರೇ. ಅದಕ್ಕೆ ಸರಿಯಾಗಿ ಮಹಡಿಯಮ್ಮ ಸೋಮವಾರ ಮನೆಯೊಳಗಿಂದ ಕೊಡೆ ಬಿಡಿಸಿಕೊಂಡೇ ಹೊರಬಂದರು. ಹೊರಗೆ ಬಿಸಿಲಿತ್ತು.

"ನೋಡಿದ್ಯಾ," ಎಂದ ಇಸ್ತ್ರಿಯಣ್ಣ ಗೊರಕೆಗೆ. "ಸಂಕೇತ."

ಬುಧವಾರ ಅಧಿಕಾರಿ ಹೇಳಿದ ಹೊತ್ತಿಗೆ ಬಂದ. ತಾರಸಿಯ ಮೇಲೆ ಯಜಮಾನ ಒಂದು ಕುರ್ಚಿ ಹಾಕಿಸಿದ್ದ. ಅಧಿಕಾರಿ ಅದರಲ್ಲಿ ಕೂರಲಿಲ್ಲ, ಕುರ್ಚಿಯ ಕಾಲುಗಳನ್ನೊಮ್ಮೆ ಅಲುಗಾಡಿಸಿ ನೋಡಿ ಬಿಟ್ಟ. ಇಸ್ತ್ರಿಯಣ್ಣ ಮೊಣಕಾಲವರೆಗಿನ ಚಡ್ಡಿ ಹಾಕಿಕೊಂಡು ಅಂಚಿನಲ್ಲಿ ನಿಂತಿದ್ದ. ಆ ಚಡ್ಡಿಗೂ ಗೆರೆ ಬೀಳುವಂತೆ ಇಸ್ತ್ರಿಯಾಗಿತ್ತು.

"ಈ ನೀರು ಯಾಕೆ ಹೀಗಿದೆ?"

"ಔಷಧಿ ಸಾರ್," ಎಂದ ಯಜಮಾನ. "ಚರ್ಮಕ್ಕೆ ಒಳ್ಳೇದು."

"ಇಳೀರಿ," ಎಂದ ಅಧಿಕಾರಿ.

ಇಸ್ತ್ರಿಯಣ್ಣ ಏಣಿ ಹಿಡಿದು ಇಳಿದ. ನೀರು ಸೊಂಟಕ್ಕೆ ಬಂತು. ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಹೆಂಡತಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ಅಷ್ಟರಲ್ಲಿ ಒಂದು ಸಂಗತಿ ಅವನ ಪಾದಗಳಿಗೆ ಗೊತ್ತಾಯಿತು. ನೆಲ ಇದೆ. ನೆಲ ಇರುವುದು ತನಗೆ ಗೊತ್ತು, ಮೇಲೆ ನಿಂತವನಿಗೆ ಕಾಣದು. ಅವನು ಮೆಲ್ಲಗೆ ಮೊಣಕಾಲು ಮಡಿಸಿದ. ಹಾಲಿನಂಥ ನೀರು ಎದೆಗೆ ಬಂತು, ಕತ್ತಿಗೆ ಬಂತು. ಕುಕ್ಕರಗಾಲಲ್ಲಿ ಒಂದೊಂದೇ ಹೆಜ್ಜೆಯಿಡುತ್ತಾ ಮುಂದೆ ಹೊರಟ. ಬಲಗೈ ತನ್ನ ಪಾಡಿಗೆ ಮುಂದೆ ಹೋಯಿತು, ಹಿಂದೆ ಬಂತು. ಎಡಗೈ ನೀರಿನ ಸುಕ್ಕು ಬಿಡಿಸುತ್ತಾ ಜತೆಗೆ ಬಂತು.

ಕತ್ತಿನವರೆಗೆ ಮುಳುಗಿದ ತಲೆಯೊಂದು, ತಟ್ಟೆಯಲ್ಲಿಟ್ಟ ತೆಂಗಿನಕಾಯಿಯಂತೆ ಅಲುಗದೆ, ಕೊಳದ ಈ ಬದಿಯಿಂದ ಆ ಬದಿಗೆ ಸಾಗಿತು. ಆ ಬದಿಯಲ್ಲಿ ತಿರುಗುವಾಗ ಬಲಗೈಯನ್ನು ಅಭ್ಯಾಸದಂತೆ ಮೇಲೆತ್ತಿ, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸುವಂತೆ ಪಕ್ಕಕ್ಕೆ ನೇರವಾಗಿ ಇಟ್ಟ.

"ಇದು ಯಾವ ಈಜು?" ಎಂದ ಅಧಿಕಾರಿ.

"ಅವರ ಕಡೆಯದು ಸಾರ್," ಎಂದ ಯಜಮಾನ.

"ತಲೆ ಒದ್ದೆಯಾಗ್ಲೇ ಇಲ್ಲ."

"ಅದಕ್ಕೇ ಮುಖ್ಯ ಸಾರ್. ಬರೀ ಜೀವರಕ್ಷಕರಿಗೆ ತಲೆ ಒದ್ದೆಯಾಗುತ್ತೆ."

"ಹ್ಞೂಂ," ಎಂದ ಅಧಿಕಾರಿ. ಅದು ನಂಬಿದ ಹ್ಞೂಂ ಆಗಿರಲಿಲ್ಲ. "ಈಜಿದ್ರೆ ಸಾಲದು. ಯಾರನ್ನಾದ್ರೂ ರಕ್ಷಿಸಿ ತೋರಿಸ್ಲಿ. ತೋಟಗಾರರೇ, ನೀವು ಇಳೀರಿ."

"ನನ್ನ ವೀಸಾದಲ್ಲಿ ಮುಳುಗೋದು ಇಲ್ಲ," ಎಂದರು ಮೇಷ್ಟ್ರು ತಕ್ಷಣ.

ಅಧಿಕಾರಿ ಗೊರಕೆಯತ್ತ ತಿರುಗುವಷ್ಟರಲ್ಲಿ ಮೆಟ್ಟಿಲ ಬಾಗಿಲು ದಡಾರನೆ ತೆರೆಯಿತು. ಮಹಡಿಯಮ್ಮ ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೆಟ್ಟು. ತಲೆಗೂದಲಿನ ಒಂದು ಬದಿ ನೀಲಿಯಾಗಿತ್ತು.

"ಯಾರಪ್ಪ ಇಲ್ಲಿ ಅಧಿಕಾರಿ?" ಎಂದರು. "ನೀವಾ? ಸರಿಯಾದ ಹೊತ್ತಿಗೆ ಬಂದ್ರಿ. ಈ ಕೊಳದ ನೀರು ಹಗಲೂ ರಾತ್ರಿ ನನ್ನ ಮಂಚದ ಮೇಲೆ ಬೀಳ್ತಿದೆ. ನಿಮ್ಮ ಕಣ್ಣಾರೆ ನೋಡಿ, ಇದು ಅದೇ ನೀರೋ ಅಲ್ವೋ."

ಇಸ್ತ್ರಿಯಣ್ಣನಿಗೆ ಕೊಳದೊಳಗೇ ಬೆವರಿತು. ಇನ್ನೇನು, ಮುಗಿಯಿತು. ಯಜಮಾನ ಕಣ್ಣು ಮುಚ್ಚಿದ.

ಅಧಿಕಾರಿ ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಕೊಳವನ್ನು ನೋಡಿದ. "ಅದೇ ನೀರು," ಎಂದ. "ಅಂದ್ರೆ ಈ ಕೊಳ ನಿಜವಾಗ್ಲೂ ಬಳಕೇಲಿದೆ ಅಂತ ನೀವು ಸಾಕ್ಷಿ ಹೇಳ್ತೀರಾ?"

"ಬಳಕೆಯಾ? ನನ್ನ ಹಾಸಿಗೆವರೆಗೂ ಬಳಕೆ."

"ದಿನಾ?"

"ಒಂದು ಗಳಿಗೆ ಬಿಡುವಿಲ್ಲ."

ಅಧಿಕಾರಿ ಬರೆದುಕೊಂಡ. ಮಹಡಿಯಮ್ಮನಿಗೆ ಅವನು ಬರೆದದ್ದು ಹಿಡಿಸಿತು, ಬರೆದು ಸುಮ್ಮನೆ ನಿಂತದ್ದು ಹಿಡಿಸಲಿಲ್ಲ. ರೇಗಿ, ಬಕೆಟ್ಟನ್ನು ನೀರಿನ ಸಮೇತ ಕೊಳಕ್ಕೆ ಎಸೆದರು. ಬಕೆಟ್ಟು ಒಮ್ಮೆ ಗುಳುಂ ಎಂದು, ಓರೆಯಾಗಿ, ಮುಳುಗತೊಡಗಿತು.

"ರಕ್ಷಿಸಿ," ಎಂದ ಅಧಿಕಾರಿ.

ಇಸ್ತ್ರಿಯಣ್ಣ ಕುಕ್ಕರಗಾಲಲ್ಲೇ ದಾಪುಗಾಲಿಟ್ಟು ಹೋಗಿ ಬಕೆಟ್ಟಿನ ಹಿಡಿಕೆ ಹಿಡಿದ. ಸಿಕ್ಕ ಗಡಿಬಿಡಿಯಲ್ಲಿ ಅದನ್ನು ತಲೆಯ ಮೇಲೆತ್ತಿದ. ಒಳಗಿದ್ದ ನೀರೆಲ್ಲ ಮುಖದ ಮೇಲೆ ಸುರಿಯಿತು. ಮೂಗು ಹಿಡಿದುಕೊಳ್ಳಲು ಕೈ ಉಳಿದಿರಲಿಲ್ಲ. ಕೆಮ್ಮುತ್ತಾ, ಸೀನುತ್ತಾ, ಬಕೆಟ್ಟನ್ನು ಮಾತ್ರ ಬಿಡದೆ ಅಂಚಿಗೆ ತಂದಿಟ್ಟ.

"ಈ ಕಟ್ಟಡದಲ್ಲಿ ಕಳೆದ ವಸ್ತು ವಾಪಸ್ಸು ಸಿಕ್ಕಿದ್ದು ಇದೇ ಮೊದಲು," ಎಂದರು ಮಹಡಿಯಮ್ಮ. ಬಕೆಟ್ಟನ್ನು ತಿರುಗಿಸಿ ನೋಡಿ, ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ, "ಸೋರೋದು ನಿಲ್ಲಿಸದಿದ್ರೆ ನಾಳೆ ಮಂಚ ತಂದು ಎಸೀತೀನಿ," ಎಂದು ಯಜಮಾನನಿಗೆ ಹೇಳಿ ಕೆಳಗಿಳಿದರು.

ಅಧಿಕಾರಿ ಕೊನೆಗೂ ಕುರ್ಚಿಯಲ್ಲಿ ಕೂತ.

"ಜೀವರಕ್ಷಕ ಅನ್ನೋದು ಸಾಬೀತಾಯ್ತು," ಎಂದ. ಯಜಮಾನ ಕೈಮುಗಿಯಲು ಹೊರಟ. "ಅದಕ್ಕೇ ಕೇಳ್ತಿದೀನಿ. ಜೀವರಕ್ಷಕ ಇಸ್ತ್ರಿ ಯಾಕೆ ಮಾಡ್ತಿದ್ದ?"

"ಹವ್ಯಾಸ ಸಾರ್..."

"ನಾನು ಕೊಟ್ಟ ಅಂಗಿಗೆ ರಸೀದಿ ಹರಿದುಕೊಟ್ರು. ರಸೀದಿ ಕೊಟ್ರೆ ಅದು ಹವ್ಯಾಸ ಅಲ್ಲ. ಇವತ್ತಿಂದ ಇವರು ಇಸ್ತ್ರಿಪೆಟ್ಟಿಗೆ ಮುಟ್ಟೋ ಹಾಗಿಲ್ಲ. ಅಂಗಡಿ ತೆರೆದಾಗಿಂದ ಮುಚ್ಚೋವರೆಗೆ ಈ ಕುರ್ಚೀಲಿ ಕೂತು ಕೊಳ ಕಾಯ್ಬೇಕು. ಪಗಾರ ಅಷ್ಟೇ, ಕಮ್ಮಿ ಆಗ್ಬಾರ್ದು. ಮುಟ್ಟಿದ್ದು ಕಂಡ್ರೆ ಬೀಗ."

"ಹಾಗಾದ್ರೆ ಇಸ್ತ್ರಿ ಯಾರು ಮಾಡ್ತಾರೆ ಸಾರ್?"

"ನೀವು ಈ ದೇಶದವರೇ ಅಲ್ವಾ? ನಿಮಗೆ ವೀಸಾ ಬೇಡ."

ಯಜಮಾನನ ಮುಖ ಹಿಂಡಿದ ಬಟ್ಟೆಯಂತಾಯಿತು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಕೆಮ್ಮಿದರು.

ಅಧಿಕಾರಿ ಎಲ್ಲರನ್ನೂ ಕೆಳಗೆ ಕಳಿಸಿ, ಇಸ್ತ್ರಿಯಣ್ಣನನ್ನು ಮಾತ್ರ ನಿಲ್ಲಿಸಿಕೊಂಡ. ನೀರು ತೊಟ್ಟಿಕ್ಕುತ್ತಾ ನಿಂತವನಿಗೆ ಇನ್ನೂ ಏನು ಕಾದಿದೆಯೋ ಎನಿಸಿತು. ಅಧಿಕಾರಿ ಆಚೀಚೆ ನೋಡಿದ. ದನಿ ಇಳಿಸಿದ.

"ನನ್ನ ಮಗಳಿಗೆ ನೀರು ಅಂದ್ರೆ ಭಯ. ಎಷ್ಟು ಕಡೆ ಸೇರಿಸಿದ್ರೂ ತಲೆ ಒದ್ದೆಯಾದ ಕೂಡ್ಲೇ ಅಳ್ತಾಳೆ. ನಿಮ್ಮ ಕಡೆಯ ಈಜಲ್ಲಿ ತಲೆ ಒದ್ದೆಯಾಗಲ್ವಲ್ಲ. ಭಾನುವಾರ ಕರ್ಕೊಂಡು ಬರ್ತೀನಿ. ಸ್ವಲ್ಪ ಕಲಿಸ್ತೀರಾ?"

ಒಪ್ಪಿದರೆ ಭಾನುವಾರ ಗುಟ್ಟು ರಟ್ಟು. ಒಪ್ಪದಿದ್ದರೆ ಈಗಲೇ ಮುನಿಸು. ಹೆಂಡತಿಯ ವೀಸಾ ಇನ್ನೂ ಆ ಮನುಷ್ಯನ ಜೇಬಿನಲ್ಲಿತ್ತು. ಇಸ್ತ್ರಿಯಣ್ಣ ಮುಖ ಒರೆಸಿಕೊಂಡ. ಬಾಯಿಂದ ಬಂದ ಮಾತು ಅವನಿಗೇ ಹೊಸದಾಗಿ ಕೇಳಿಸಿತು.

"ಸಾರ್, ನನ್ನ ವೀಸಾದಲ್ಲಿ ಕಾಯೋದು ಮಾತ್ರ ಇದೆ. ಕಲಿಸೋದು ಇಲ್ಲ. ಕಲಿಸಿದ್ರೆ ಅಪರಾಧ ಆಗುತ್ತೆ."

ಅಧಿಕಾರಿ ಅವನನ್ನೇ ನೋಡಿದ. ತನ್ನ ನೌಕರಿಯಲ್ಲಿ ಅವನು ಕಾನೂನನ್ನು ತಪ್ಪಿಸಿಕೊಂಡವರನ್ನು ಕಂಡಿದ್ದ, ಕಾನೂನಿಗೆ ಸಿಕ್ಕಿಬಿದ್ದು ಅತ್ತವರನ್ನು ಕಂಡಿದ್ದ. ತನಗೇ ಕಾನೂನು ಹೇಳಿ ಬೇಡವ್ರೀ ಎಂದವರನ್ನು ಕಂಡಿರಲಿಲ್ಲ. ಮುಖದಿಂದ ಸಂಶಯ ಇಳಿದುಹೋದ ಮೇಲೆ ಅವನು ಬೇರೆ ಮನುಷ್ಯನಂತೆ, ಸ್ವಲ್ಪ ದಣಿದವನಂತೆ ಕಂಡ.

"ಹೌದು," ಎಂದ. "ಅಪರಾಧವೇ. ನೀವು ಹೇಳಿದ್ದು ಸರಿ." ಜೇಬಿನಿಂದ ಕಾಗದ ತೆಗೆದು ಮೊಣಕಾಲ ಮೇಲಿಟ್ಟು ಸಹಿ ಹಾಕಿದ.

ಹೆಂಡತಿ ಬಂದಿಳಿದದ್ದು ಒಂದು ಮಧ್ಯಾಹ್ನ. ಮೇಷ್ಟ್ರು ಮತ್ತು ಗೊರಕೆ ತಮ್ಮ ಹಾಸಿಗೆಗಳನ್ನು ಲಾಂಡ್ರಿಯ ಹಿಂಬದಿಗೆ ಸಾಗಿಸಿ ಕೋಣೆ ಬಿಟ್ಟುಕೊಟ್ಟಿದ್ದರು. ಪಾತ್ರೆಗಳನ್ನು ಮಾತ್ರ ಬಿಟ್ಟುಹೋಗಿದ್ದರು. ಅವಳು ಪೆಟ್ಟಿಗೆ ಇಳಿಸಿ ಸುತ್ತ ನೋಡಿದಳು. ಬಚ್ಚಲ ಮೂಲೆಯಲ್ಲಿ ಮೂವರ ಪಾತ್ರೆ ರಾಶಿಬಿದ್ದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮುಟ್ಟಬೇಡ," ಎಂದ ಇಸ್ತ್ರಿಯಣ್ಣ. ಓಡಿಹೋಗಿ ಕಿಟಕಿಯ ಪರದೆ ಎಳೆದ. ಬಾಗಿಲ ಸಂದಿಯಿಂದ ಓಣಿಯನ್ನೊಮ್ಮೆ ನೋಡಿ ಬಂದ.

"ಏನಾಯ್ತು ರೀ?"

"ನಿಂದು ಬಂದುಹೋಗೋರ ವೀಸಾ. ಅದರಲ್ಲಿ ಕೆಲಸ ಮಾಡೋ ಹಾಗಿಲ್ಲ. ಯಾವ ಕೆಲಸವೂ. ಬರೆದಿದಾರೆ ನೋಡು."

"ಪಾತ್ರೆ ತೊಳೆಯೋದೂ ಕೆಲಸವಾ?"

"ಮತ್ತೆ? ಹೋಟೆಲಲ್ಲಿ ಅದಕ್ಕೇ ಜನ ಇಟ್ಟಿರ್ತಾರೆ."

"ಗುಡಿಸೋದು?"

"ಕೆಲಸ."

"ಬಟ್ಟೆ ಒಗೆಯೋದು?"

"ಅಯ್ಯೋ, ಅದು ಲಾಂಡ್ರಿ ಕೆಲಸ. ಕಟ್ಟಡದ ಬಾಗಿಲಿಗೇ ಬೀಗ."

"ನಿಮ್ಮ ಕಾಲು ಒತ್ತೋದು?"

ಇಸ್ತ್ರಿಯಣ್ಣ ಯೋಚಿಸಿದ. ಆಸೆ ಇತ್ತು. ಆದರೆ ಕಾನೂನು ಕಾನೂನೇ. "ಅದಕ್ಕೆ ಬೇರೇನೇ ವೀಸಾ ಬೇಕು," ಎಂದ.

ಅವಳು ಸೆರಗು ಬಿಡಿಸಿದಳು. ಹುಟ್ಟಿದ ಮನೆ, ಸೇರಿದ ಮನೆ, ಅತ್ತೆಯ ಕಾಯಿಲೆ, ನಾದಿನಿಯರ ಬಾಣಂತನ ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಬಂದುಹೋದವು.

"ಇಂಥದ್ದೊಂದು ಕಾನೂನು ಇದೆ ಅಂತ ಇಷ್ಟು ವರ್ಷ ನಂಗೆ ಯಾರೂ ಹೇಳ್ಲಿಲ್ವಲ್ಲ," ಎಂದಳು.

ಮಂಚದ ಮೇಲೆ ಕೂತಳು. ಮೆತ್ತಗಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿದಳು. ಕಾಲು ಮೇಲೆತ್ತಿ ಮಡಿಸಿಕೊಂಡಳು. ದಿಂಬನ್ನು ಬೆನ್ನಿಗೆ ಇಟ್ಟುಕೊಂಡಳು. ಫೋನಿನಲ್ಲಿ ದಿನವೂ ಕೇಳುತ್ತಿದ್ದ ಮಾತನ್ನು ಎದುರಿಗೆ ಕೂತು ಕೇಳುವ ಹೊತ್ತು ಬಂತೆಂದು ಇಸ್ತ್ರಿಯಣ್ಣನೂ ಪಕ್ಕದಲ್ಲಿ ಕೂತ.

"ಊಟ ಆಯ್ತಾ?" ಎಂದ.

"ಎಲ್ಲಿ ಆಯ್ತು? ಮಾಡಿ."

"ಯಾರು, ನಾನಾ? ಅಡುಗೆ ನನ್ನ ವೀಸಾದಲ್ಲೂ ಇಲ್ಲ ಕಣೇ."

"ನಿಮ್ಮ ಕೆಲಸ ಜೀವ ಉಳಿಸೋದು ತಾನೇ? ಅದ್ರಲ್ಲೂ ಮುಖ್ಯ," ಎಂದಳು ಅವಳು. "ನನ್ನ ಜೀವ ಹಸಿವಿಂದ ಹೋಗ್ತಿದೆ. ಏಳಿ."

ಇಸ್ತ್ರಿಯಣ್ಣ ಎದ್ದ.